ಹೆಸರು ಕೇಳದ ಡಾಕ್ಟರು

ಸಾಹೇಬ್ರು ತೀರಿಕೊಂಡ ಮ್ಯಾಲೆ ಗಜೇಂದ್ರಗಡದಾಗ ಒಂದು ಶ್ರದ್ಧಾಂಜಲಿ ಸಭಾ ಆತು. ಫೋಟೊಕ್ಕ ಹಾರ ಹಾಕಿದ್ರು, ಊದಿನಕಡ್ಡಿ ಹಚ್ಚಿದ್ರು. ಪ್ಯಾಟ್ಯಾಗಿನ ಹಿರಿಯಾರೊಬ್ರು ಮೈಕ್ ಹಿಡದು, "ನಮ್ಮ ಡಾಕ್ಟರಿಗೆ ಮದುವಿ ಅಂದ್ರ ಜೀವ ನೋಡ್ರಿ. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ತಾಲೂಕಿನಾಗ ಅವರು ಅಕ್ಕಿಕಾಳು ಹಾಕದ ಮದುವಿನ ಇಲ್ಲ. ಜೋಡಿ ಮ್ಯಾಲಿನ ಪ್ರೀತಿನೋ, ಹುಗ್ಗಿ ಮ್ಯಾಲಿನ ಪ್ರೀತಿನೋ ಆ ಶಿವಗ ಗೊತ್ತು" ಅಂದ್ರು. ಮಂದಿ ನಕ್ರು. ನಾನು ಹಿಂದಿನ ಖುರ್ಚಿ ಮ್ಯಾಲೆ ಕುಂತಿದ್ದೆ. ನಿಮ್ಮ ಬಾಯಾಗ ಮಣ್ಣ ಹಾಕ್ಲಿ, ಏನ್ ಗೊತ್ತೈತಿ ನಿಮಗ ಅಂತ ನಾಲಗಿ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಾನು ಅವರ ಕೈಯಾಗ ನರ್ಸ್ ಆಗಿದ್ದಾಕಿ. ನರೇಗಲ್ಲಿನಾಕಿ. ಮಂದಿ ನನಗ ಅಕ್ಕಾರು ಅಂತಾರ, ಬಾಯಿ ಜೋರು ಅಂತ ಹಿಂದಿನಿಂದ ಅಂತಾರ. ಸಾಹೇಬ್ರಿಗೆ ಹುಗ್ಗಿ ಸೇರ್ತಿದ್ದಿಲ್ಲ. ಸಕ್ರಿ ಕಾಯ್ಲಿ ಇತ್ತು ಅವರಿಗೆ. ಮದುವಿ ಊಟಕ್ಕ ಅವರು ಕುಂತದ್ದನ್ನ ನಾನಂತೂ ನೋಡಿಲ್ಲ.

ಅವರು ಚರ್ಮದ ಡಾಕ್ಟರು. ಬೋರ್ಡಿನ ಮ್ಯಾಲೆ ಅಷ್ಟ ಇತ್ತು. ಆದ್ರ ಗಜಕರ್ಣ, ಇಸಬು ಅಂತ ಬರಾವ್ರು ಮುಂಜಾನೆ ಬರ್ತಿದ್ರು, ಮಧ್ಯಾಹ್ನದ ಮ್ಯಾಲೆ ಬರಾವ್ರು ಬ್ಯಾರೆ. ತೆಲಿಗೆ ಟವೆಲ್ ಸುತ್ತಿಕೊಂಡು, ಅತ್ತಾಗ ಇತ್ತಾಗ ನೋಡಿ, ಬಾಗಲದಾಗ ಚಪ್ಲಿ ಬಿಡದ ಕೈಯಾಗ ಹಿಡಕೊಂಡು ಒಳಗ ಬರಾವ್ರು. ಹೊರಗ ಚಪ್ಲಿ ಬಿಟ್ರ ಯಾರರ ಗುರ್ತು ಹಿಡದಾರಂತ! ಇವರ ಕಾಯ್ಲಿ ಎಲ್ಲಾ ಸೊಂಟದ ಕೆಳಗಿಂದು. ಹುಣ್ಣು, ಉರಿ, ಕೀವು.

ಇಂಥಾ ಕಾಯ್ಲಿ ಯಾರೂ ತಮ್ಮೂರಾಗ ತೋರ್ಸಂಗಿಲ್ಲ. ರೋಣದಾಂವ ನರಗುಂದಕ್ಕ ಹೋಗ್ತಾನ, ನರಗುಂದದಾಂವ ಗಜೇಂದ್ರಗಡಕ್ಕ ಬರ್ತಾನ, ಗಜೇಂದ್ರಗಡದಾಂವ ರೋಣದ ಬಸ್ ಹತ್ತತಾನ. ಇದನ್ನ ತಿಳಕೊಂಡೇ ಸಾಹೇಬ್ರು ಮೂರೂ ಊರಾಗ ಒಂದೊಂದು ಖೋಲಿ ಮಾಡಿದ್ರು. ದಿನಾ ಒಂದೊಂದು ಊರು, ನಾನೂ ಅವರ ಹಿಂದ ಡಬ್ಬಿ ಹೊತಗೊಂಡು ಬಸ್ಸಿನಾಗ. ಒಮ್ಮೆ ರೋಣದ ಕಡ್ಲಿ ವ್ಯಾಪಾರಿ ಒಬ್ಬ ನರಗುಂದದ ಖೋಲಿಗೆ ಬಂದು ಸಾಹೇಬ್ರ ಮಾರಿ ನೋಡಿ, "ಅಯ್ಯೋ ಶಿವನ, ಇಲ್ಲೂ ನೀವ ಅದೀರೇನ್ರಿ!" ಅಂತ ಬಾಗಲದಾಗ ನಿಂತಬಿಟ್ಟ. ಸಾಹೇಬ್ರು ರೋಣದಾಗ ಇದ್ದಾಗೆಲ್ಲಾ ಚಾ ಕೂಡೇ ಕುಡ್ಯಾವ್ರು ಇಬ್ರೂ. ಸಾಹೇಬ್ರು ಮಾರಿ ಮ್ಯಾಲಿನ ಒಂದು ಗೆರಿ ಅಲುಗಿಸಲಿಲ್ಲ. "ನೀವು ಯಾರೋ ನನಗ ಗೊತ್ತಿಲ್ರಿ. ಬರ್ರಿ, ಎಲ್ಲೈತಿ ಹುಣ್ಣು?" ಅಂದ್ರು. ಮರುದಿವಸ ರೋಣದಾಗ ಅವನ ಜೋಡಿನ ಚಾ ಕುಡಕೋತ, "ಏನ್ ಯಜಮಾನ್ರ, ಕಡ್ಲಿ ರೇಟ್ ಏರೇತೇನು?" ಅಂತ ಕೇಳಿದ್ರು. ಆ ಮನಷಾಗ ಬಸಿಯಾಗಿನ ಚಾ ನುಂಗಾಕ ಆಗವಲ್ದು.

ಹೆಸರು ಕೇಳಬಾರ್ದು. ಇದು ಅವರ ದವಾಖಾನಿ ಕಾಯ್ದೆ. ಊರು ಕೇಳಬಾರ್ದು, ಫೋನ್ ನಂಬರ್ ಕೇಳಬಾರ್ದು. ನಾನು ಕೆಲಸಕ್ಕ ಸೇರಿದ ಹೊಸದಾಗಿ ಒಬ್ಬಗ ಹೆಸರು ಕೇಳಿದ್ದಕ್ಕ ಸಿಟ್ಟಿಗೆದ್ದು, "ಅವಂದು ಮದುವಿ ಮಾಡಬೇಕಂತ ಮಾಡೀಯೇನ?" ಅಂದಿದ್ರು. ಕೇಳಿದ್ರೂ ಖರೇ ಹೆಸರು ಯಾರು ಹೇಳ್ತಾರ್ರಿ! ಎಲ್ಲಾರೂ ಅಳಿಯಂದು, ಭಾವಂದು ಹೆಸರ ಹೇಳಾವ್ರು. ಮಂದಿ ಲುಂಗಿ ಬಿಚ್ಚೂ ಹೊತ್ತಿಗೆ ಸಾಹೇಬ್ರು ಖುರ್ಚಿ ತಿರುಗಿಸಿ ಗ್ವಾಡಿಗೆ ಮಾರಿ ಮಾಡಿ ಕುಂದ್ರತಿದ್ರು. ಗ್ವಾಡಿ ನೋಡಕೋತನ, "ಯಾವಾಗಿಂದ? ಎಲ್ಲಿ ಹೋಗಿದ್ದಿ? ಮನಿಯಾಕಿಗೂ ಐತೇನು?" ಅಂತ ಕೇಳಾವ್ರು. ಮಾರಿ ನೋಡಿ ಸುಳ್ಳು ಹೇಳಾವ ಬೆನ್ನ ನೋಡಿ ಖರೇ ಹೇಳ್ತಿದ್ದ. ಭಾಳ ಸರ್ತಿ ಅಳ್ತಿದ್ದ.

ಅದಕ್ಕ ಮಂದಿ ಬರ್ತಿದ್ರು. ಬೇರು ಅರದು ಹಚ್ಚಾವ್ರ ಕಡೆ, ಟೆಂಟ್ ಹಾಕ್ಕೊಂಡು ಎಣ್ಣಿ ಮಾರಾವ್ರ ಕಡೆ ಹೋಗೋದು ಬಿಟ್ಟು ನಮ್ಮ ಖೋಲಿಗೆ ಬರ್ತಿದ್ರು. ಬಂದವ್ರಿಗೆ ಹುಣ್ಣಿನ ಇಂಜೆಕ್ಷನ್ ಮಾಡಿ, ಅಲ್ಲೇ ಕೈ ಹಿಡದು ಎಚ್.ಐ.ವಿ. ನೋಡಾಕ ರಕ್ತನೂ ತಗೀಸ್ತಿದ್ರು. ನನಗ ಕಟದು ಇಟ್ಟಂಗ ಹೇಳಿದ್ರು, "ಹುಣ್ಣು ಅಂದ್ರ ತೆರದ ಬಾಗಲಾ ನೋಡಬೇ. ಒಂದು ರೋಗ ಒಳಗ ಹೋಗಿದ್ರ ಹಿಂದ ಇನ್ನೊಂದು ಹೋಗಿರಬಹುದು. ನಾಕ ದಿನಕ್ಕ ಹುಣ್ಣು ಮಾಯ್ತದ, ಬಾಗಲಾ ಮುಚ್ಚತದ. ಒಳಗ ಹೋದಾಂವ ಮಾತ್ರ ಹೊರಗ ಬರಂಗಿಲ್ಲ." ಹುಣ್ಣು ಮಾಯ್ತ್ರಿ ಅಂತ ಯಾರರ ನಕ್ಕೋತ ಬಂದ್ರ ಸಾಹೇಬ್ರ ಮಾರಿ ಸಣ್ಣದಾಗ್ತಿತ್ತು. ಉಳದ ಡಾಕ್ಟರ್ ಹುಣ್ಣಿಗೆ ಅಂಜತಾರ, ಇವರು ಮಾಯ್ದದ್ದಕ್ಕ ಅಂಜತಿದ್ರು.

ರಕ್ತದಾಗ ಐತಿ ಅಂತ ಬಂದವ್ರನ್ನ ಸರ್ಕಾರಿ ದವಾಖಾನಿಗೆ ಗುಳಿಗಿಗೆ ಕಳಸ್ತಿದ್ದಿವಿ. ಅವರು ಅತ್ತು ಕರದು, ಕಡೀಕೆ ಹೋಗಿ ಗುಳಿಗಿ ತಗೊಂಡು ಇವತ್ತಿಗೂ ಹೊಲಾ ಮನಿ ನೋಡಕೋತ ಚಲೋ ಅದಾರ. ಸಾಹೇಬ್ರ ನಿದ್ದಿ ಕೆಡಿಸಿದಾವ್ರು ಅವರಲ್ಲ. ಇಲ್ಲ ಅಂತ ಬಂದಾವ್ರು.

ಯಾಕಂದ್ರ ಹುಣ್ಣು ಎಳೇದಿದ್ದಾಗ ರಕ್ತ ತಗದ್ರ ಎಚ್.ಐ.ವಿ. ಒಳಗಿದ್ರೂ ಒಮ್ಮೊಮ್ಮೆ ಕಾಣಂಗಿಲ್ಲ. ಮೂರು ತಿಂಗಳಾ ಬಿಟ್ಟು ಮತ್ತ ತೋರ್ಸಬೇಕು. ಸಾಹೇಬ್ರು ಇದನ್ನ ತಿರುಗಿ ತಿರುಗಿ ಹೇಳಾವ್ರು, ಪೋರಗೋಳು ತೆಲಿ ಹಾಕಿ ಹೂಂ ಅಂದು ಹೋಗಾವ್ರು, ಮತ್ತ ಈ ಕಡೆ ಹಾಯ್ತಿದ್ದಿಲ್ಲ. ನಮ್ಮ ಮಂದಿದು ಒಂದು ಪದ್ಧತಿ ಐತಿ ನೋಡ್ರಿ. ಗುಡ್ಯಾಗ ದೇವರ ಮೈಗೆ ಹೂ ಹಚ್ಚಿ ಪ್ರಸಾದ ಕೇಳ್ತೀವಿ. ಬಲಕ್ಕ ಬಿದ್ರ ಆತು, ಎಡಕ್ಕ ಬಿದ್ರ ಇಲ್ಲ. ಒಮ್ಮೆ ಬಲಕ್ಕ ಬಿದ್ದ ಮ್ಯಾಲೆ ಅದ ಮಾತು ಮತ್ತ ಕೇಳಬಾರ್ದು. ಕೇಳಿದ್ರ ದೇವರ ಮ್ಯಾಲೆ ಸಂಶೆ ಪಟ್ಟಂಗ, ಕೊಟ್ಟದ್ದನ್ನ ದೇವರು ಕಸಗೋತಾನ ಅಂತ. ನಮ್ಮ ರಕ್ತದ ಪರೀಕ್ಷೆನೂ ಇವರಿಗೆ ಪ್ರಸಾದ ಕೇಳಿದಂಗ ಆಗಿತ್ತು. ಇಲ್ಲ ಅಂತ ಬಂತಲ್ಲ, ಮತ್ಯಾಕ ಕೆದಕೋದು? ಸಾಹೇಬ್ರು ತೆಲಿ ತೆಲಿ ಬಡಕೋತಿದ್ರು, "ನನ್ನನ್ನ ದೇವರ ಮಾಡಿಬಿಟ್ರಲ್ಲೋ ಮಕ್ಕಳ್ರ್ಯಾ."

ತಿರುಗಿ ಬರದವ್ರನ್ನ ಹುಡುಕೋದು ಹ್ಯಾಂಗ? ಹೆಸರಿಲ್ಲ, ಊರಿಲ್ಲ. ತಮ್ಮ ಕಾಯ್ದೆಗೆ ತಾವ ಸಿಕ್ಕಿದ್ರು. ಮಾರಿ ಒಂದು ಗೊತ್ತಿತ್ತು. ಮತ್ತ ನಮ್ಮ ಕಡೆ ಪ್ರಾಯದ ಹುಡುಗನ ಮಾರಿ ಎಲ್ಲಾರೂ ನೋಡೋದು ಒಂದ ದಿನ, ಹಸಿಮಣಿ ಮ್ಯಾಲೆ. ಅಲ್ಲಿಂದ ಸುರುವಾತು ಇವರ ಮದುವಿ ತಿರುಗಾಟ. ಯಾರ ಲಗ್ನಪತ್ರ ಕೊಟ್ರೂ ಹೋಗೋದ. ಗುರುತಿಲ್ಲದ ಹಂದರಕ್ಕೂ ಹೋಗೋದ. ಬಿಳೇ ಅಂಗಿ ಹಾಕ್ಕೊಂಡು, ಕೈಯಾಗ ಅಕ್ಕಿಕಾಳು ಹಿಡಕೊಂಡು, ಮದುಮಗನ ಮುಂದ ಹೋಗಿ ಬಗ್ಗಿ ನೋಡಾವ್ರು. ಬಾಸಿಂಗದ ಮುತ್ತಿನ ಸರ ಮಾರಿ ಮುಚ್ಚಿರ್ತಾವಲ್ಲ, ಅದಕ್ಕ ಬಗ್ಗಬೇಕು. ಈ ಸೀಮಿ ಮದುವಿ ಅಲ್ಬಂ ತಗದು ನೋಡ್ರಿ ಬೇಕಾದ್ರ, ಒಂದು ಮೂಲ್ಯಾಗ ಬಿಳೇ ಅಂಗಿ ಮುದುಕ ಒಬ್ಬ ಮದುಮಗನನ್ನ ಪೊಲೀಸರಂಗ ನೋಡಕೋತ ನಿಂತಿರ್ತಾನ. ಅವರ ಇವರು.

ಮೊದಮೊದಲು ನಾನೂ ಚ್ಯಾಷ್ಟಿ ಮಾಡಿದ್ದೆ. "ಸಾಹೇಬ್ರ, ನಿಮ್ಮ ಮದುವಿ ಆಗಿ ಮುಗದೈತಿ, ಇನ್ನ ಎಷ್ಟ್ ಹಂದರ ಹೊಗ್ತೀರಿ?" ಅಂದೆ. ಅವತ್ತ ಬಸ್ಸಿನಾಗ ಕುಂದ್ರಿಸಿಕೊಂಡು ಕಾರಣ ಹೇಳಿದ್ರು. ಹೇಳಿದ ಮ್ಯಾಲೆ ನನ್ನ ನಗಿ ಹೋತು. ಆಮ್ಯಾಲೆ ನಾನೂ ಹೋಗಾಕ ಹತ್ತಿದೆ, ಚೀಲದಾಗ ರಕ್ತ ತಗದು ಅಲ್ಲೇ ನೋಡೂ ಸಾಮಾನಾ ಇಟಗೊಂಡು. ನಾಲ್ಕು ಜನ ನಗ್ಯೂ ಜಾಗಾದಾಗ ನಾವಿಬ್ರು ಹೆಣಾ ಗುರುತು ಹಿಡಿಯಾಕ ಬಂದವ್ರಂಗ ನಿಂದ್ರತಿದ್ದಿವಿ. ಭಾಳ ಮದುವ್ಯಾಗ ಮದುಮಗ ಬ್ಯಾರೆ ಯಾರೋ ಇರ್ತಿದ್ದ. ಉಶ್ ಅಂತ ಉಸಿರು ಬಿಟ್ಟು ಬರ್ತಿದ್ದಿವಿ. ಹಂಗಂದ್ರ ನಾವು ಹುಡುಕೂ ಹುಡುಗ ಇನ್ನೆಲ್ಲೋ ಅದಾನ ಅಂತ ನೆನಪಾಗಿ ಮುಂದಿನ ಲಗ್ನಪತ್ರ ತಗದು ನೋಡ್ತಿದ್ದಿವಿ.

ಕಡೀಕೆ ಹುಡುಕಿದ ಹುಡುಗ ಗಾಳಿಕಂಬದ ಕೆಲಸದಾಂವ. ಗಜೇಂದ್ರಗಡದ ಗುಡ್ಡದ ಮ್ಯಾಲೆ ರೆಕ್ಕಿ ತಿರುಗ್ತಾವಲ್ಲ, ಅವನ್ನ ನಿಂದ್ರಿಸೂ ಗ್ಯಾಂಗಿನಾಗ ಪರರಾಜ್ಯ ತಿರುಗಿ ಬಂದಿದ್ದ. ನಗಮಾರಿ ಹುಡುಗ. ಎಡಗಿವ್ಯಾಗ ಸಣ್ಣ ಬಂಗಾರದ ಮುರುವು. ಖರೇ ಹೇಳ್ತೀನಿ, ಕೆಟ್ಟಾಂವಲ್ಲ. ಗ್ವಾಡಿ ನೋಡಕೋತ ಕುಂತಿದ್ದ ಸಾಹೇಬ್ರಿಗೆ ಎಲ್ಲಾ ಹೇಳಿ, "ನನ್ನ ನಿಶ್ಚಯ ಆಗೇತ್ರಿ. ಹುಡುಗಿ ಭಾಳ ಚಲೋ ಅದಾಳ. ಉಳಸ್ರಿ ನನ್ನ" ಅಂತ ಅತ್ತಿದ್ದ. ಹುಣ್ಣಿನ ರೋಗ ಇತ್ತು, ಎಚ್.ಐ.ವಿ. ಇಲ್ಲ ಅಂತ ಬಂತು. ಸಾಹೇಬ್ರು ಅವನ ಎರಡೂ ಕೈ ಹಿಡಕೊಂಡು, "ಇವತ್ತ ಇಲ್ಲ ಅಂದ್ರ ಇಲ್ಲಂತಲ್ಲಪಾ. ಮೂರು ತಿಂಗಳಾ ಮದುವಿ ಮುಂದ ಹಾಕು, ಮತ್ತ ಬಾ" ಅಂದ್ರು. ಅಂವ ಮೊದಲನೇ ಮಾತಷ್ಟ ಕೇಳಿಸಿಕೊಂಡಿದ್ದ. ಹೊರಗ ಹೋಗಿ ಪೇಢೆ ತಂದ. ನನ್ನ ಕೈಯಾಗೂ ಒಂದು ಇಟ್ಟ. ಆಮ್ಯಾಲೆ ಬರಲೇ ಇಲ್ಲ.

ಎರಡು ತಿಂಗಳಾ ಆಗಿತ್ತೋ ಇಲ್ಲೋ, ಲಕ್ಕಲಕಟ್ಟ್ಯಾಗ ಒಂದು ಮದುವಿ. ಹುಡುಗಿ ಆ ಊರಿನಾಕಿ. ನಾವು ಹೋಗೂ ಹೊತ್ತಿಗೆ ಸುರಗಿ ನೀರಿನ ಜಳಕ ಮುಗದು ಮದುಮಗಗ ಒಳಗಿನ ಖೋಲ್ಯಾಗ ಬಾಸಿಂಗ ಕಟ್ಟಾಕ ಹತ್ತಿದ್ರು. ನಾವು ಗುರ್ತು ಹಿಡಿಯೂದ ಬ್ಯಾಡಾತು, ಅಂವನ ನಮ್ಮನ್ನ ನೋಡಿ, "ಅಯ್ಯ, ಸಾಹೇಬ್ರು ಬಂದ್ರು!" ಅಂತ ಎದ್ದ. ಮುರುವು ಮಿಂಚತು.

ಸಾಹೇಬ್ರು ಅವನ ಗೆಳ್ಯಾರನ್ನ ಹೊರಗ ಕಳಿಸಿ ಬಾಗಲಾ ಮುಚ್ಚಿದ್ರು. ನಾನು ಬಾಗಲಕ್ಕ ಬೆನ್ನ ಹಚ್ಚಿ ನಿಂತೆ.

"ಮತ್ತ ಬಾ ಅಂದಿದ್ದೆ. ಯಾಕ ಬರಲಿಲ್ಲ?"

"ನೀವ ಇಲ್ಲಂದ್ರಲ್ರಿ. ಹುಣ್ಣೂ ಮಾಯ್ತು. ನಮ್ಮವ್ವ ಗುಡ್ಯಾಗೂ ಪ್ರಸಾದ ಕೇಳ್ಯಾಳ, ಬಲಕ್ಕ ಆಗೇತಿ."

"ಅದು ಪ್ರಸಾದ ಅಲ್ಲೋ. ರಕ್ತ. ಈಗರ ಕೈ ಕೊಡು. ಅಕ್ಕ ಇಲ್ಲೇ ನೋಡ್ತಾಳ, ಭಾಳ ಹೊತ್ತು ಹಿಡ್ಯಂಗಿಲ್ಲ."

ಹುಡುಗ ಕೈ ಹಿಂದ ತಗೊಂಡ. ಮುಂಗೈ ಮ್ಯಾಲೆ ಅರಿಷಿಣದ ಕಂಕಣ ಇತ್ತು. "ಕಂಕಣ ಕಟ್ಟಿದ ಕೈಗೆ ಸೂಜಿ ಚುಚ್ಚಬಾರ್ದ್ರಿ. ರಕ್ತ ಬರಬಾರ್ದಂತ."

"ಹಂಗಾದ್ರ ಮೂರು ತಿಂಗಳಾ ತುಂಬೂತನಕ ನಿರೋಧ ಬಳಸು. ಅಷ್ಟರ ಮಾಡು. ನಿನ್ನ ಕಾಲು ಬೀಳ್ತೀನಿ."

"ಮದುವ್ಯಾದ ಮೊದಲನೇ ದಿನಾನ ಅದೇನ್ ಹೇಳ್ತೀರಿ ಸಾಹೇಬ್ರ. ಆಕಿ ನನ್ನ ಬಗ್ಗೆ ಏನ್ ತಿಳಿಕೊಂಡಾಳು?" ಅಂತ ನಾಚಿಕೊಂಡ. ಖರೇನ ನಾಚಿಕೊಂಡ, ಕಿವಿತನಕ ಕೆಂಪಾಗಿ. ಹೊರಗ ಯಾರೋ ಹೊತ್ತಾತು ಅಂತ ಕದಾ ಬಡದ್ರು. ಅಂವ ಸಾಹೇಬ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಾಸಿಂಗ ಸರಿ ಮಾಡಿಕೋತ ಹೋದ.

ಹಂದರದಾಗ ನಾವು ಎರಡನೇ ಸಾಲಿನಾಗ ಕುಂತಿವಿ. ನನಗ ತಡಿಯಾಕ ಆಗಲಿಲ್ಲ. "ಹುಡುಗಿ ಅಪ್ಪಗ ಹೇಳ್ರಿ ಸಾಹೇಬ್ರ. ಹೋಗ್ರಿ, ಅಲ್ಲೇ ನಿಂತಾನ ನೋಡ್ರಿ, ಪಟಗಾ ಸುತ್ತಿದಾಂವ. ನೀವು ಹೇಳದಿದ್ರ ನಾ ಹೇಳ್ತೀನಿ" ಅಂದೆ.

ನನ್ನ ಸೆರಗು ಹಿಡದು ಜಗ್ಗಿ ಕುಂದ್ರಿಸಿದ್ರು. "ಇವತ್ತ ಇಲ್ಲೆ ಬಾಯಿ ಬಿಟ್ರ ನಾಳೆ ಮೂರೂ ಊರಿನ ಖೋಲಿಗೆ ಒಬ್ಬನೂ ಬರಂಗಿಲ್ಲ. ಡಾಕ್ಟರ್ ಹಂದರದಾಗ ನಿಂತು ಹೇಳ್ತಾನ ಅಂತ ಹಬ್ಬತದ. ಮತ್ತ ಬೇರಿನ ಎಣ್ಣಿ ಹಚ್ಚಿಕೊಂಡು ಕುಂದ್ರತಾರ. ಅವರೆಲ್ಲಾರ ಹೆಂಡರ ಗತಿ ಏನಬೇ?"

"ಈ ಹುಡುಗಿ ಗತಿ?"

ಅವರು ಮುಠಗಿ ತೆರದು ನೋಡಿಕೊಂಡ್ರು. ಅಕ್ಕಿಕಾಳು ಮುಠಗ್ಯಾಗ ಹಿಡದು ಹಿಡದು ಬೆವತು ಅಂಗೈಗೆ ಅಂಟಿದ್ದುವು. ಅಷ್ಟೊತ್ತಿಗೆ ಹುಡುಗಿನ್ನ ಕರಕೊಂಡು ಬಂದ್ರು. ಸಣ್ಣ ಹುಡುಗಿ, ಹಸರು ಬಳಿ ಕೈ ತುಂಬ. ಸೀರಿ ಕಾಲಿಗೆ ತೊಡರಿ ಮುಗ್ಗರಿಸಿ ತನಗ ತಾನ ನಕ್ಕೊಂಡ್ಲು, ತಂಗಿ ಭುಜಾ ಹಿಡಕೊಂಡು. ಆಮ್ಯಾಲೆ ತೆಲಿ ತೆಳಗ ಹಾಕಿ ಕುಂತ್ಲು. ಅಯ್ನಾರು ಮಂತ್ರ ಸುರು ಮಾಡಿದ್ರು. ತಾಳಿ ತಾಟಿನಾಗ ಇಟ್ಟು ಹಿರೇರ ಕೈ ಮುಟ್ಟಿಸಿಕೋತ ತಂದ್ರು. ನಮ್ಮ ಮುಂದೂ ತಂದ್ರು. ಎಲ್ಲಾರಂಗ ಸಾಹೇಬ್ರೂ ಮುಟ್ಟಿದ್ರು.

ಹುಡುಗ ತಾಳಿ ಎತ್ತಿದ. ಅಷ್ಟರಾಗ ಸಾಹೇಬ್ರು ಎದ್ದು ನಿಂತ್ರು.

"ತಡೀರಿ!" ಅಂದ್ರು. ಅವರಿಗೆ ಅಷ್ಟು ದೊಡ್ಡ ದನಿ ಐತಿ ಅಂತ ನನಗ ಗೊತ್ತಿರಲಿಲ್ಲ. "ತಡೀರಿ! ತಾಳಿ ಕಟ್ಟಬ್ಯಾಡ್ರಿ!"

ತಾಳಿ ಕಟ್ಟೂ ಹೊತ್ತಿನಾಗ ಅಪಶಕುನದ ಮಾತು ಮದುಮಕ್ಕಳ ಕಿವಿಗೆ ಬೀಳಬಾರ್ದು. ಸೀನಿದ್ದು, ಅತ್ತದ್ದು, ಬ್ಯಾಡ ಅಂದದ್ದು ಯಾವದೂ. ಗಟ್ಟಿಮ್ಯಾಳ ಇರೋದ ಅದಕ್ಕ. ಸಾಹೇಬ್ರು ಬಾಯಿ ತೆರದದ್ದು ನೋಡಿ, ಪಟಗಾ ಸುತ್ತಿದ್ದ ಹುಡುಗಿ ಅಪ್ಪ ಕೈ ಎತ್ತಿ ಬಾಜಿದವ್ರಿಗೆ ಸನ್ನಿ ಮಾಡಿದ. ಹಲಗಿ, ಶಹನಾಯಿ, ಬ್ಯಾಂಡಿನ ತುತೂರಿ ಎಲ್ಲಾ ಒಮ್ಮೆಲೆ ಎದ್ದುವು. ಸಾಹೇಬ್ರ ಬಾಯಿ ತೆರೀತಿತ್ತು, ಮುಚ್ಚತಿತ್ತು. ಆಮ್ಯಾಲೆ ಒದರಿದ್ದು ಬಾಜೂಕ ಇದ್ದ ನನಗ ಸುದ್ದಾ ಕೇಳಸಲಿಲ್ಲ. ಮಂತ್ರದ ಗದ್ದಲದಾಗ ಮೊದಲಿನ ಮಾತೂ ತಿಳಿಯದ ಸುತ್ತಲಿದ್ದ ಮಂದಿ, ಡಾಕ್ಟರ್ ಆಶೀರ್ವಾದ ಮಾಡ್ತಾರ ಅಂತ ತಿಳದು ತಾವೂ ಎದ್ದು ನಿಂತು ಅಕ್ಕಿಕಾಳು ಒಗದ್ರು. ಒಂದಿಷ್ಟು ಸಾಹೇಬ್ರ ಬಾಯಾಗೂ ಬಿದ್ದುವು. ಮ್ಯಾಳ ನಿಂತಾಗ ತಾಳಿ ಕೊಳ್ಳಾಗಿತ್ತು.

ತಿರುಗಿ ಬರೂ ಮುಂದ ಗಜೇಂದ್ರಗಡದ ಬಸ್ಸಿನಾಗ ಅವರು ಅಂಗಿ ಮ್ಯಾಲಿನ ಅಕ್ಕಿಕಾಳು ಒಂದೊಂದ ಆರಿಸಿ ತಗದ್ರು. ಆಮ್ಯಾಲೆ, "ಯಾರಿಗರ ಕೇಳಿಸಿತೇನು?" ಅಂತ ಕೇಳಿದ್ರು.

"ಇಲ್ರಿ. ಯಾರಿಗೂ ಕೇಳಿಸಿಲ್ಲ."

"ಚಲೋ ಆತು" ಅಂದ್ರು. ರಾಜೂರ ದಾಟಿದ ಮ್ಯಾಲೆ ಕಿಟಕಿ ಕಡೆ ಮಾರಿ ಮಾಡಿ, "ಚಲೋ ಆಗಲಿಲ್ಲಬೇ" ಅಂದ್ರು.

ಖೋಲಿಗೆ ಮಂದಿ ಬರೋದು ನಿಲ್ಲಲಿಲ್ಲ. ಸಾಹೇಬ್ರು ಮಾತ್ರ ನಿಂತಬಿಟ್ರು. ಮದುವಿಗೆ ಹೋಗೋದು ಬಿಟ್ರು. ಹುಡುಗನ ಊರು ಈಗ ಗೊತ್ತಾಗಿತ್ತಲ್ಲ, ಮನೀತನಕ ಹೋಗಿ ಬಂದ್ರು. ಗಂಡ ಹೆಂಡತಿ ಇಬ್ರೂ ಗಾಳಿಕಂಬದ ಕೆಲಸಕ್ಕ ದೂರ ಹೋಗ್ಯಾರ, ಫೋನ್ ಹತ್ತಂಗಿಲ್ಲ ಅಂತ ಹುಡುಗನ ಅವ್ವ ಹೇಳಿದ್ಲು. ಇನ್ನೊಮ್ಮೆ ಹೋಗಬೇಕಂತ ಅಂದಕೋತನ ಇದ್ರು. ಎದಿನೋವು ಬಂತು, ಗದಗಿಗೆ ಒಯ್ಯೂದರಾಗ ಮುಗೀತು.

ಈಗ ರೋಣದ ಖೋಲಿ ಒಂದ ಉಳದೈತಿ. ಹೊಸಾ ಡಾಕ್ಟರ್ ಬಾಯಾರು ನೋಡ್ತಾರ, ನಾನು ಅದ ನಾನು. ಹೋದ ತಿಂಗಳು ಒಂದು ಮಧ್ಯಾಹ್ನ ಹೆಣ್ಣಮಗಳೊಬ್ಬಾಕಿ ಬಂದ್ಲು. ಸೆರಗು ಮಾರಿ ತುಂಬ ಹೊದ್ದಿದ್ಲು. ಹೊಟ್ಟಿ ಮುಂದ ಬಂದಿತ್ತು, ಐದೋ ಆರೋ ತಿಂಗಳಾ. ಕೆಳಗ ಹುಣ್ಣಾಗೇತ್ರಿ ಅಂದ್ಲು. ಸೆರಗು ಸರಿಸಿದಾಗ ನನಗ ಗುರ್ತು ಸಿಕ್ತು. ಆಕಿಗೂ ನನ್ನ ಗುರ್ತು ಸಿಕ್ತು.

ರಕ್ತ ತಗದೆ. ಹುಣ್ಣಿನ ರೋಗ ಇತ್ತು. ಎಚ್.ಐ.ವಿ.ನೂ ಇತ್ತು. ಮತ್ತ ಒಮ್ಮೆ ತಗದು ನೋಡಿದೆ, ಇತ್ತ. ಬಾಯಾರು ಆಕಿನ್ನ ಕುಂದ್ರಿಸಿಕೊಂಡು ಸಮಾಧಾನದಿಂದ ಎಲ್ಲಾ ಹೇಳಿದ್ರು. ಗುಳಿಗಿ ಅದಾವು, ಇವತ್ತ ಸುರು ಮಾಡೂಣು, ದಿನಾ ತಪ್ಪದ ತಗೊಂಡ್ರ ನಿನಗೂ ಏನೂ ಆಗಂಗಿಲ್ಲ, ಕೂಸಿಗೂ ತಗಲದಂಗ ನೋಡಬಹುದು, ನಿನ್ನ ಗಂಡನ್ನೂ ಕರಕೊಂಡು ಬಾ ಅಂದ್ರು. ಆಕಿ ಅಳಲಿಲ್ಲ. ಗಂಡ ದವಾಖಾನಿಗೆ ಬರಂಗಿಲ್ರಿ, ತನಗ ಇಲ್ಲಂತ ಆಗ್ಲೇ ಆಗೇತಿ ಅಂತಾನ ಅಂದ್ಲು.

ಸರ್ಕಾರಿ ದವಾಖಾನಿಗೆ ನಾನ ಕೈ ಹಿಡಕೊಂಡು ಕರಕೊಂಡು ಹೊಂಟೆ. ಬಾಗಲದಾಗ ಆಕಿ ನಿಂತ್ಲು.

"ಆ ಅಜ್ಜಾರು ಇಲ್ಲೇನ್ರಿ ಅಕ್ಕಾರ? ನಮ್ಮ ಲಗ್ನಕ್ಕ ಬಂದಿದ್ರಲ್ಲ."

"ತೀರಿಕೊಂಡ್ರವ್ವಾ."

ಆಕಿ ಕೊಳ್ಳಾಗಿನ ತಾಳಿ ಹಿಡಕೊಂಡ್ಲು. ನನಗ ಹೇಳಬೇಕು ಅನಿಸ್ತು. ಒಬ್ಬರಿಗರ ಗೊತ್ತಿರಬೇಕು ಅನಿಸ್ತು. "ಅವತ್ತ ಅವರು ಎದ್ದು ನಿಂತು ಒದರಿದ್ರವ್ವಾ. ತಾಳಿ ಕಟ್ಟಬ್ಯಾಡ್ರಿ ಅಂತ. ಬಾಜಿ ಸಪ್ಪಳದಾಗ ಯಾರಿಗೂ ಕೇಳಿಸಲಿಲ್ಲ" ಅಂದೆ.

"ನನಗ ಕೇಳಿತ್ರಿ" ಅಂದ್ಲು ಆಕಿ. "ಮುಹೂರ್ತದಾಗ ಮದುಮಗಳು ತೆಲಿ ಎತ್ತಬಾರ್ದು ಅಂತ ನಮ್ಮವ್ವ ಹೇಳಿದ್ಲು. ಎತ್ತಲಿಲ್ಲ."